ಅಂತರಗಂಗೆಯ ಕಂಡಿ

ನಮ್ಮ ಮನೆಯ ನಡುಗೋಡೆ ಹೆಂಚಿಗೆ ಮುಟ್ಟುತ್ತಿರಲಿಲ್ಲ. ಅಪ್ಪನೂ ಚಿಕ್ಕಪ್ಪನೂ ಪಾಲಾದಾಗ ಹಜಾರದ ಮಧ್ಯಕ್ಕೆ ಎಬ್ಬಿಸಿದ ಗೋಡೆ ಅದು. ಆಳೆತ್ತರಕ್ಕೆ ಬಂದ ಮೇಲೆ ಇಟ್ಟಿಗೆ ಮುಗಿಯಿತು. ಮಿಕ್ಕ ಇಟ್ಟಿಗೆಯನ್ನು ಯಾರು ತರಬೇಕು ಎಂಬುದಕ್ಕೆ ಇನ್ನೊಂದು ಜಗಳ ಹತ್ತಿಕೊಂಡು ಗೋಡೆ ಅಲ್ಲಿಗೇ ನಿಂತುಹೋಯಿತು. ಹಾಗಾಗಿ ನಾವು ಬೇರೆಯಾದೆವೇ ಹೊರತು ದೂರವಾಗಲಿಲ್ಲ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಕೆಮ್ಮು. ಈ ಕಡೆ ಅಪ್ಪ ಅವ್ವನನ್ನು ಬೈದರೆ ಆ ಕಡೆಯಿಂದ ಚಿಕ್ಕವ್ವ ಗಂಟಲು ಸರಿಮಾಡಿಕೊಳ್ಳುವ ಸದ್ದು. ಸಂಜೆ ಎರಡೂ ಕಡೆ ನೋಡುತ್ತಿದ್ದದ್ದು ಒಂದೇ ಧಾರಾವಾಹಿ. ಆದರೂ ಅವರ ಟಿವಿಯ ಮಾತು ತಮ್ಮ ಕಿವಿಗೆ ಬೀಳಬಾರದೆಂದು ಇವರು, ಇವರದು ಬೀಳಬಾರದೆಂದು ಅವರು ಸೌಂಡು ಏರಿಸಿ ಏರಿಸಿ, ಕೊನೆಗೆ ಬೀದಿಯಲ್ಲಿ ಹೋಗುವವರಿಗೂ ಕಥೆ ತಿಳಿಯುತ್ತಿತ್ತು. ಒರಳುಕಲ್ಲು ನಮ್ಮ ಪಾಲಿಗೆ ಬಂದಿತ್ತು. ಆ ಸೇಡಿಗೆ ಚಿಕ್ಕವ್ವ ಮಿಕ್ಸಿ ತರಿಸಿದಳು. ಅವ್ವ ಮಧ್ಯಾಹ್ನ ಒಂದು ಗಳಿಗೆ ಒರಗಿದಳೆಂದರೆ ಸಾಕು, ಅತ್ತ ಮಿಕ್ಸಿ ಗುರ್ರೆನ್ನುತ್ತಿತ್ತು. ಅದರೊಳಗೆ ರುಬ್ಬಲು ಏನೂ ಇರುತ್ತಿರಲಿಲ್ಲ ಎಂದು ಅವ್ವ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ.

ಬಾಲ್ಯವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ನಾನು ಬಲ್ಲೆ. ನನಗೆ ಮಾತ್ರ ನೆನೆದರೆ ಹಲ್ಲು ಕಚ್ಚುವಂತಾಗುತ್ತದೆ. ಜಗಳದ ಮೂಲ ಏನು ಎಂದು ಕೇಳಿದರೆ ಅಪ್ಪ ಬೋರ್‌ವೆಲ್ ಎನ್ನುತ್ತಿದ್ದ. ಚಿಕ್ಕಪ್ಪ ತನ್ನ ಮದುವೆಯ ಬೀಗರೂಟದಲ್ಲಿ ಆದ ಅವಮಾನ ಎನ್ನುತ್ತಿದ್ದ. ಇವರಿಬ್ಬರೂ ಹುಟ್ಟಿದ್ದೇ ಮೂಲ ಎನ್ನುತ್ತಿದ್ದವಳು ಅಜ್ಜಿ. ಪಾಲಿನಲ್ಲಿ ಅಜ್ಜಿಯೂ ಪಾಲಾಗಿದ್ದಳು; ಒಂದು ತಿಂಗಳು ಗೋಡೆಯ ಈಚೆ, ಒಂದು ತಿಂಗಳು ಆಚೆ. ಯಾವ ಕಡೆ ಇದ್ದರೆ ಆ ಕಡೆಯ ಸಾರಿಗೆ ಉಪ್ಪಿಲ್ಲ ಎಂದು ಇನ್ನೊಂದು ಕಡೆಗೆ ಕೇಳುವಂತೆ ಹೇಳುವಳು. ಅಣ್ಣತಮ್ಮಂದಿರು ನೇರವಾಗಿ ಮಾತಾಡುತ್ತಿರಲಿಲ್ಲ. ಮಾತಾಡಲೇಬೇಕಾದಾಗ ನಡುವೆ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದರು. "ನಾಗಿ, ನಿಮ್ಮ ಚಿಕ್ಕಪ್ಪಂಗೆ ಯೋಳು" ಎಂದು ಅಪ್ಪ, "ನಾಗಿ, ನಿಮ್ಮಪ್ಪಂಗೆ ಯೋಳು" ಎಂದು ಚಿಕ್ಕಪ್ಪ. ಇಬ್ಬರೂ ಎದುರುಬದುರು ನಿಂತಿರುವಾಗ ನಾನು ಹೇಳುವುದಕ್ಕೆ ಏನಿರುತ್ತಿತ್ತು? ಸುಮ್ಮನೆ ಅವರ ಕಡೆಗೊಮ್ಮೆ ಇವರ ಕಡೆಗೊಮ್ಮೆ ಕತ್ತು ತಿರುಗಿಸುತ್ತಿದ್ದೆ. ನಾನೇನಾದರೂ ಬಾಯಿ ಹಾಕಿದರೆ ಅಪ್ಪನದು ಒಂದೇ ಪ್ರಶ್ನೆ, "ನೀನ್ ಯಾರ್ ಕಡೆ?" ಊಟಕ್ಕೆ ಕೂತಾಗಲೂ ಅದನ್ನೇ ಕೇಳುವ ಮನೆ ನಮ್ಮದು.

ನನ್ನ ತಮ್ಮ ಹುಟ್ಟಿದ್ದು ಮಾಗಿಯ ಚಳಿಯಲ್ಲಿ, ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿ. ಅವ್ವನ ತವರು ಸಂತೆಮರಹಳ್ಳಿ ಕಡೆ. ಅಲ್ಲಿ ಬಾಣಂತನ ಮಾಡುವ ತಾಯಿ ಇರಲಿಲ್ಲವಾಗಿ ನೇರವಾಗಿ ನಮ್ಮೂರಿಗೇ ಕರೆದುಕೊಂಡು ಬಂದರು. ಕೋಣೆಯ ಮೂಲೆಯಲ್ಲಿ ಕೆಂಡದ ಬಾಂಡ್ಲಿ ಇಟ್ಟು, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿ ಅವ್ವನನ್ನು ಮಲಗಿಸಿದರು. ಹೊಲಿಗೆ ಮಾಯಲಿಲ್ಲ. ಹಾಲು ಇಳಿಯಲಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೆ ಮಗು ವಾಂತಿ ಮಾಡಿಕೊಳ್ಳುತ್ತಿತ್ತು; ಡಾಕ್ಟರು ಬರೆದುಕೊಟ್ಟ ಪುಡಿ ಹಾಲೂ ಒಗ್ಗಲಿಲ್ಲ. ಎಣ್ಣೆ ಹಚ್ಚುವಾಗ ಅದರ ತೊಡೆಯ ಚರ್ಮ ಮಡಿಸಿಕೊಂಡು ಬರುತ್ತಿದ್ದುದನ್ನು ಕಂಡು ನನಗೆ ಭಯವಾಗುತ್ತಿತ್ತು. ಅಳುವುದಕ್ಕೂ ಶಕ್ತಿ ಬೇಕು. ಅವನ ಅಳು ಬರಬರುತ್ತ ಬೆಕ್ಕಿನ ಮರಿಯದಷ್ಟಾಯಿತು. ಅಜ್ಜಿ ಅದನ್ನು ನೋಡಿ, ಮಾತ್ರೆ ಗೀತ್ರೆಯ ಗೊಡವೆ ಬಿಟ್ಟು, ತೀರ್ಪು ಕೊಟ್ಟಳು.

"ಕೊರವ ಮೀನಿನ ಸಾರು ಕುಡೀಬೇಕು ಇವ್ಳು. ಗಾಯವೂ ಮಾಯ್ತದೆ, ಆಲೂ ಇಳೀತದೆ."

ಅಪ್ಪ ಅವತ್ತೇ ಗುಂಡ್ಲುಪೇಟೆಗೆ ಹೋಗಿ ಕೇರಳದಿಂದ ಲಾರಿಯಲ್ಲಿ ಬಂದ ಮತ್ತಿ ಮೀನು ತಂದ. ಕವರಿನಲ್ಲಿ ಇನ್ನೂ ಐಸಿನ ಚೂರುಗಳಿದ್ದವು. ಅಜ್ಜಿ ಕವರನ್ನು ಬಿಚ್ಚಿ ನೋಡಿ ಅಪ್ಪನ ಮುಖಕ್ಕೇ ಹಿಡಿದಳು.

"ಐಸ್‌ನಲ್ಲಿ ಬಿದ್ದಿದ್ ಮೀನು ಬಾಣಂತಿಗೆ ನಂಜು ಕಣ್ಲಾ. ಕೊರವ ಬೇಕು, ಜೀವ ಇರೋದು. ಕೆರೆ ಒಣಗೋಗದಾ? ಇಲ್ಲ ನಿನ್ ಕೈ ಬಿದ್ದೋಗದಾ?"

ಕೆರೆ ಒಣಗಿರಲಿಲ್ಲ, ಮುಚ್ಚಿಹೋಗಿತ್ತು. ಆ ವರ್ಷಗಳಲ್ಲಿ ನಮ್ಮ ಕೆರೆಯನ್ನು ಅಂತರಗಂಗೆಯ ಕಳೆ ಆವರಿಸಿಕೊಂಡಿತ್ತು. ಏರಿಯ ಪಕ್ಕ ಒಂದಷ್ಟು ನೀರು ಬಿಟ್ಟರೆ ಮಿಕ್ಕದ್ದೆಲ್ಲ ಹಸಿರು. ಹುಲ್ಲುಗಾವಲೆಂದು ಕಾಲಿಟ್ಟು ದನಗಳು ಮುಳುಗಿದ್ದೂ ಉಂಟು. ಬಲೆ ಬೀಸುವಂತಿರಲಿಲ್ಲ. ಇದ್ದದ್ದು ಒಂದೇ ದಾರಿ, ಕಂಡಿ ತೆಗೆಯುವುದು. ಬಾಳೆದಿಂಡು ಜೋಡಿಸಿ ಕಟ್ಟಿದ ತೆಪ್ಪದ ಮೇಲೆ ಹೋಗಿ, ಅಂತರಗಂಗೆಯನ್ನು ಕುಡುಗೋಲಿನಿಂದ ಕೊಯ್ದು, ದೋಟಿಯಿಂದ ಎಳೆದುಹಾಕಿ, ಮೊರದಗಲ ನೀರು ಕಾಣುವಂತೆ ಮಾಡಬೇಕು. ಆ ತೂತೇ ಕಂಡಿ. ಕೊರವ ಮೀನಿಗೆ ನೀರೊಳಗಿನ ಉಸಿರು ಸಾಲದು. ಆಗಾಗ ಮೇಲೆ ಬಂದು ಒಂದು ಬಾಯಿ ಗಾಳಿ ನುಂಗಿ ಹೋಗಬೇಕು. ಎಲ್ಲ ಕಡೆ ಮುಚ್ಚಿರುವಾಗ ಕಂಡಿಗೆ ಬರದೆ ಅದಕ್ಕೆ ಬೇರೆ ಗತಿಯಿಲ್ಲ. ಗಾಳಕ್ಕೆ ಸಣ್ಣ ಕಪ್ಪೆ ಚುಚ್ಚಿ ಕಂಡಿಗೆ ಇಳಿಬಿಟ್ಟು, ಮಾತಾಡದೆ, ಕೆಮ್ಮದೆ ಕಾಯಬೇಕು. ಮಾಗಿಯ ಬೆಳಗಿನ ಹೊತ್ತು ಮಂಜು ಬಿದ್ದಿರುವಾಗ ಕೆರೆಯ ತುಂಬ ಹೀಗೆ ಒಬ್ಬೊಬ್ಬರೇ ತೂತಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಕಂಡಿ ತೆಗೆದವನು ಅದರ ಅಂಚಿನ ಅಂತರಗಂಗೆಗೆ ಒಂದು ಲಕ್ಕಿ ಗಿಡದ ಕಡ್ಡಿ ಸಿಗಿಸಿ ಬರುವುದು ವಾಡಿಕೆ. ಕಡ್ಡಿ ಇದ್ದ ಕಂಡಿಗೆ ಬೇರೆಯವರು ಗಾಳ ಇಳಿಸುವಂತಿಲ್ಲ. ಇಳಿಸಿದರೂ ಬಿದ್ದ ಮೀನು ಗಾಳದವನದಲ್ಲ, ಕಂಡಿಯವನದು. ಇದಕ್ಕೆ ಪಂಚಾಯ್ತಿಯ ಅಪ್ಪಣೆ ಬೇಕಿರಲಿಲ್ಲ, ಊರೇ ಒಪ್ಪಿಕೊಂಡಿತ್ತು.

ಅಪ್ಪ ಒಪ್ಪಲಿಲ್ಲ. ಚಿಕ್ಕಪ್ಪನೂ ಕಂಡಿ ತೆಗೆಯುವವನೇ, ಅದರಲ್ಲಿ ಅಪ್ಪನಿಗಿಂತ ಪಳಗಿದವನು. ತರಕಾರಿ ಮಾರ್ಕೆಟ್ಟಿಗೆ ಹೋಗುವ ಮುಂಚೆ ದಿನಾ ಕೆರೆಗೆ ಒಂದು ಸುತ್ತು ಹಾಕುತ್ತಿದ್ದ. ಅಪ್ಪ ದಿಂಡಿನ ತೆಪ್ಪ ಕಟ್ಟಿ, ಒಂದು ಸಂಜೆ ಕೈಯೆಲ್ಲ ಕೊಯ್ದುಕೊಂಡು ಕಂಡಿ ತೆಗೆದು ಬಂದ. ಕಡ್ಡಿ ಸಿಗಿಸಿದೆಯಾ ಎಂದು ಅವ್ವ ಮಲಗಿದಲ್ಲಿಂದಲೇ ಕೇಳಿದಳು.

"ಕಡ್ಡಿ ಸಿಗ್ಸಿದ್ರೆ ಅವ್ನು ಕಿತ್ತು ಬಿಸಾಕಲ್ವಾ? ಏರಿ ಮ್ಯಾಲೆ ಎಲ್ಡ್ ಕಲ್ಲ ಮಡಗಿವ್ನಿ, ಸುಣ್ಣ ಬಳ್ದು. ನ್ಯಾರಕ್ಕೆ ನೋಡಿದ್ರೆ ನನ್ ಕಂಡಿ. ಕಲ್ಲ ಅದ್ಯಾವ್ನ್ ಕದಲಿಸ್ತಾನೋ ನೋಡೇಬುಡ್ತೀನಿ."

ಅಂತರಗಂಗೆ ತೇಲುವಂಥದ್ದು, ಗಾಳಿ ಬಂದ ಕಡೆಗೆ ಜರುಗುವಂಥದ್ದು ಎಂದು ಅಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮೂರ ಕುರಿಗಳಿಗೂ ಅದು ಗೊತ್ತಿತ್ತು. ಊರವರು ಕಡ್ಡಿಯನ್ನು ಅಂತರಗಂಗೆಗೇ ಸಿಗಿಸುತ್ತಿದ್ದದ್ದು ಅದಕ್ಕೇ. ಕಂಡಿ ಎಲ್ಲಿಗೆ ಹೋದರೆ ಗುರುತೂ ಅಲ್ಲಿಗೆ ಹೋಗಲಿ ಎಂದು. ಆದರೆ ತನ್ನ ತಮ್ಮ ಕಳ್ಳ ಎಂಬುದು ಅಪ್ಪನ ತಲೆಯಲ್ಲಿ ಎಷ್ಟು ಜಾಗ ಹಿಡಿದಿತ್ತೆಂದರೆ ಗಾಳಿಗೆ ಅಲ್ಲಿ ಜಾಗವಿರಲಿಲ್ಲ. ಆ ರಾತ್ರಿ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಹೆಂಚು ಕಟಕಟ ಅಂದಾಗ ಅಪ್ಪ ಎದ್ದು ಹೆಂಚು ಸರಿಮಾಡಿ ಮಲಗಿದ, ಅಷ್ಟೇ.

ಬೆಳಿಗ್ಗೆ ಅಪ್ಪ ಹೊರಟಾಗ ಅವ್ವ ನನ್ನನ್ನು ಹತ್ತಿರ ಕರೆದಳು.

"ನೀನೂ ಜೊತೇಲ್ ಓಗು ಕಣಮ್ಮಿ. ಮೀನ್ ಸಿಕ್ದಿದ್ರೂ ಪರ್ವಾಗಿಲ್ಲ, ನಿಮ್ಮಪ್ಪ ಯಾರ್ ಮ್ಯಾಲೂ ಬೀಳ್ದಂಗೆ ನೋಡ್ಕ."

ಏರಿಯ ಮೇಲೆ ಮಂಜು ದಟ್ಟವಾಗಿತ್ತು. ಸುಣ್ಣದ ಕಲ್ಲುಗಳ ನೇರಕ್ಕೆ ನೋಡಿದರೆ ಕಂಡಿ ಇತ್ತು, ನಿಜ. ಆದರೆ ಅದು ಅಪ್ಪ ಹೇಳಿದ್ದಕ್ಕಿಂತ ದೊಡ್ಡದಾಗಿತ್ತು, ಅಂಚು ಒಪ್ಪವಾಗಿತ್ತು, ಮತ್ತು ಅದರ ಪಕ್ಕದಲ್ಲಿ ಲಕ್ಕಿ ಕಡ್ಡಿ ನಿಂತಿತ್ತು.

"ನೋಡ್ದಾ, ನನ್ ಕಂಡಿಗೆ ತನ್ ಕಡ್ಡಿ ಸಿಗ್ಸವ್ನೆ," ಎಂದ ಅಪ್ಪ. ಕೋಪಕ್ಕಿಂತ ಹೆಚ್ಚಾಗಿ ಅವನ ದನಿಯಲ್ಲಿ ಸಂತೋಷ ಇತ್ತು.

"ಇದು ನಮ್ದಲ್ಲ ಕಣಪ್ಪ, ನೀನ್ ಮೊರದಗಲ ಅಂದಿದ್ದೆ," ಎಂದೆ.

"ನೀನ್ ಯಾರ್ ಕಡೆ?"

ಅಪ್ಪ ತೆಪ್ಪ ನೂಕಿಕೊಂಡು ಹೋಗಿ ಮೊದಲು ಆ ಕಡ್ಡಿಯನ್ನು ಕಿತ್ತು, ಎರಡು ತುಂಡು ಮಾಡಿ ಎಸೆದ. ಆಮೇಲೆ ಗಾಳ ಇಳಿಸಿ ಕೂತ. ನಾನು ಏರಿಯ ಮೇಲೆ ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. ಗುಳಕ್ ಎಂಬ ಸದ್ದು ಕೇಳಿತು, ಮತ್ತೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಅಪ್ಪನ ಕೈ ಜಗ್ಗಿ, ತೆಪ್ಪ ವಾಲಿ, ದಾರ ಅವನ ಅಂಗೈಯನ್ನು ಕೊಯ್ಯುತ್ತ ಓಡಿತು. ಅಪ್ಪ ಬಿಡಲಿಲ್ಲ. ಮೊಳದುದ್ದದ ಕರಿ ಮೀನು, ಹಾವಿನ ತಲೆ, ಹೊಟ್ಟೆ ಮಾತ್ರ ಬೆಳ್ಳಗೆ. ಅದನ್ನು ಎದೆಗವಚಿಕೊಂಡು ದಡಕ್ಕೆ ಬಂದು ಬಿಂದಿಗೆಯ ನೀರಿಗೆ ಬಿಟ್ಟಾಗ ಅಪ್ಪ ಜೋರಾಗಿ ನಕ್ಕ. ನನ್ನ ಇಡೀ ಬಾಲ್ಯದಲ್ಲಿ ಅವನು ಯಾರನ್ನೂ ಆಡಿಕೊಳ್ಳದೆ ನಕ್ಕದ್ದು ಅದೊಂದೇ ಸಲ ಎಂದು ನನ್ನ ನೆನಪು. ಮಗು ಬದುಕಿತು ಎಂದು ನಾನೂ ನಕ್ಕೆ. ಅಷ್ಟರಲ್ಲಿ ಮಂಜಿನೊಳಗಿಂದ ಚಿಕ್ಕಪ್ಪ ಬಂದ, ಹೆಗಲ ಮೇಲೆ ದೋಟಿ ಇಟ್ಟುಕೊಂಡು. ಬಿಂದಿಗೆಗೆ ಇಣುಕಿದ. ಕಂಡಿ ನೋಡಿದ. ನೀರಿನಲ್ಲಿ ತೇಲುತ್ತಿದ್ದ ಕಡ್ಡಿಯ ತುಂಡುಗಳನ್ನು ನೋಡಿದ.

"ನಾಗಿ, ನಿಮ್ಮಪ್ಪಂಗೆ ಯೋಳು. ಅದು ನನ್ ಕಂಡಿ, ರಾತ್ರಿ ಗಾಳಿಗೆ ಇಲ್ಲಿಗೆ ಜರುಗದೆ. ಅವುನ್ದು ಅಗೋ, ಆ ಜೊಂಡಿನ್ ತಾವು ಓಗಿ ಕುಂತದೆ ಅಂತ."

"ನಾಗಿ, ನಿಮ್ಮ ಚಿಕ್ಕಪ್ಪಂಗೆ ಯೋಳು. ಕಣ್ಣಿದ್ರೆ ಕಲ್ಲ ನೋಡು ಅಂತ."

"ನಾಗಿ, ಕಲ್ಲು ತೇಲ್ತದಾ ಕೇಳು ನಿಮ್ಮಪ್ಪನ್ನ."

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಅಪ್ಪ ನೇರವಾಗಿ ಅವನ ಟವೆಲಿಗೇ ಕೈಹಾಕಿದ. ಅವರ ಬಾಯಿಂದ ಬಂದ ಮಾತುಗಳನ್ನು ಬರೆಯಲು ನನಗೆ ನಾಚಿಕೆಯೇನಿಲ್ಲ, ಆದರೆ ಇಬ್ಬರೂ ಬೈದದ್ದು ಒಬ್ಬಳೇ ತಾಯಿಯನ್ನು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ ಎಂದರೆ ಸಾಕು. ಹೊರಳಾಡಿಕೊಂಡು ಏರಿಯ ಇಳಿಜಾರಿಗೆ ಬಿದ್ದರು. ಬಿಂದಿಗೆ ಮಗುಚಿತು. ಮೀನು ಹುಲ್ಲಿನ ಮೇಲೆ ಪಟಪಟ ಬಡಿದುಕೊಂಡು ನೀರಿನ ಕಡೆಗೆ ಸರಿಯತೊಡಗಿತು. ಅವರು ಒಬ್ಬರ ಕೂದಲು ಒಬ್ಬರು ಹಿಡಿದಿದ್ದರೇ ಹೊರತು ಮೀನು ಯಾರಿಗೂ ಬೇಕಿರಲಿಲ್ಲ. ನಾನು ಅದರ ಮೇಲೆ ಬಿದ್ದು, ಲಂಗದಲ್ಲಿ ಸುತ್ತಿ, ಬಿಂದಿಗೆಯಲ್ಲಿ ನೀರು ಹಿಡಿದು ಒಳಗೆ ಬಿಟ್ಟೆ. ಆಗ ನನ್ನೊಳಗೆ ಎದ್ದ ಸಿಟ್ಟು ನನಗೆ ಚೆನ್ನಾಗಿ ನೆನಪಿದೆ. ಅದು ಚಿಕ್ಕಪ್ಪನ ಮೇಲಿನದಲ್ಲ, ಅಪ್ಪನ ಮೇಲಿನದೂ ಅಲ್ಲ. ಇಬ್ಬರ ಮೇಲೂ ಒಟ್ಟಿಗೆ ಬಂದದ್ದು. ಅಂಥ ಸಿಟ್ಟಿಗೆ ನಮ್ಮ ಮನೆಯಲ್ಲಿ ನಿಲ್ಲಲು ಒಂದು ಕಡೆ ಅಂತ ಇರಲಿಲ್ಲ.

ನ್ಯಾಯ ಅಜ್ಜಿಯ ಮುಂದೆ ಹೋಯಿತು. ಅಷ್ಟರಲ್ಲಿ ತಿಂಗಳು ತಿರುಗಿ ಅವಳು ಚಿಕ್ಕಪ್ಪನ ಪಾಲಿಗೆ ಹೋಗಿದ್ದಳು. ಜಗಲಿಯ ಮೇಲೆ ಕೂತು, ಕೆಸರು ಮೆತ್ತಿಕೊಂಡು ನಿಂತ ಇಬ್ಬರು ಗಂಡುಮಕ್ಕಳನ್ನೂ ನೋಡಿ, ಎಲೆಯಡಿಕೆ ಉಗಿದು ಬಂದು ಕೇಳಿದಳು.

"ನಿನ್ ಗುರ್ತು ಎಲ್ಲಿತ್ಲಾ?"

"ಏರಿ ಮ್ಯಾಲೆ," ಎಂದ ಅಪ್ಪ.

"ಮೀನು ಏರಿ ಮ್ಯಾಲೆ ಇತ್ತಾ?"

ಅಜ್ಜಿ ಬಿಂದಿಗೆಯನ್ನು ಚಿಕ್ಕಪ್ಪನ ಕಡೆಗೆ ತಳ್ಳಿದಳು. ಮೊಮ್ಮಗ ಒಳಗೆ ಸೊರಗುತ್ತಿದ್ದದ್ದು ಅವಳಿಗೆ ಮರೆತಿರಲಿಲ್ಲ. ಕೊರವ ಬೇಕೆಂದವಳೇ ಅವಳು. ಆದರೆ ವಾಡಿಕೆಯನ್ನು ಮುರಿಯುವ ಧೈರ್ಯ ಅವಳಿಗೆ ಇರಲಿಲ್ಲ, ಬಗ್ಗುವ ಗುಣ ಅವಳ ಮಕ್ಕಳಿಗೆ ಇರಲಿಲ್ಲ. ಚಿಕ್ಕಪ್ಪ ಬಿಂದಿಗೆ ಹೊತ್ತುಕೊಂಡು ಒಳಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಆಚೆಯಿಂದ ಅವನ ದನಿ ಬಂತು.

"ನಾಗಿ, ನಿಮ್ಮಪ್ಪಂಗೆ ಯೋಳು. ಬಾಯ್ಬುಟ್ಟು ಒಂದ್ ಮಾತ್ ಕೇಳ್ಲಿ, ಮೀನ್ ಕೊಟ್ಬುಡ್ತೀನಿ."

"ನನ್ ಎಣ ಕೇಳ್ತದೆ ಅಂತ ಯೋಳು," ಎಂದ ಅಪ್ಪ.

ಕೋಣೆಯೊಳಗೆ ಚಾಪೆ ಸರಿದ ಸದ್ದಾಯಿತು. ಅವ್ವ ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದಳು. ಬಾಣಂತಿ ಕೋಣೆ ಬಿಟ್ಟು ಬರಬಾರದು, ಗಾಳಿಗೆ ಮೈ ಒಡ್ಡಬಾರದು, ಪರರ ಹೊಸ್ತಿಲು ತುಳಿಯಬಾರದು. ಈ ಎಲ್ಲ ಬಾರದುಗಳನ್ನೂ ಅವಳು ಅಲ್ಲಿಯವರೆಗೆ ಚಾಚೂ ತಪ್ಪದೆ ಪಾಲಿಸಿದ್ದಳು. ಒಂದು ತೋಳಿನಲ್ಲಿ ಮಗು, ಇನ್ನೊಂದು ಕೈ ಹೊಟ್ಟೆಯ ಹೊಲಿಗೆಯ ಮೇಲೆ. ಅಪ್ಪನ ಮುಂದೆ ಬಂದು ನಿಂತಳು.

"ನಿನ್ ಎಣ ಕೇಳೋಗಂಟ ನನ್ ಮಗ ಇರ್ಬೇಕಲ್ಲ," ಎಂದಳು. ದನಿ ಎತ್ತಲಿಲ್ಲ. ಹೊರಗೆ ಹೋಗಿ, ಬೀದಿಯಲ್ಲೇ ಸುತ್ತಿಕೊಂಡು, ಚಿಕ್ಕಪ್ಪನ ಮನೆಯೊಳಗೆ ಹೋದಳು. ನಾನು ಹಿಂದೆಯೇ ಹೋದೆ. ಪಾಲಾದ ಮೇಲೆ ನಾನು ಆ ಕಡೆಗೆ ಕಾಲಿಟ್ಟದ್ದು ಅದೇ ಮೊದಲು. ನಮ್ಮದೇ ಹಜಾರದ ಇನ್ನೊಂದು ಅರ್ಧ, ಅದೇ ನೆಲ, ಅದೇ ತೊಲೆ. ಆದರೂ ಯಾರದೋ ಊರಿಗೆ ಬಂದ ಹಾಗಿತ್ತು. ಅಡುಗೆಮನೆಯಲ್ಲಿ ಚಿಕ್ಕವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಪಕ್ಕದಲ್ಲೇ ಬಿಂದಿಗೆ.

"ರಾಜಮ್ಮ, ಮಗೀಗೆ ಆಲಿಲ್ಲ. ಆ ಮೀನ ಕೊಡು," ಎಂದಳು ಅವ್ವ.

ಚಿಕ್ಕವ್ವ ಜರಡಿ ನಿಲ್ಲಿಸದೆ ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಸೀದ ತಗಂಡೋಗಿ ನಿನ್ ಗಂಡನ್ ಎದ್ರುಗೆ ಬೇಯ್ಸೀಯಾ? ಎತ್ತಿ ತಿಪ್ಪೆಗೆ ಬಿಸಾಕ್ತಾನೆ. ಕೂತ್ಕ, ಇಲ್ಲೇ ಮಾಡ್ಕೊಡ್ತೀನಿ."

"ಕೂರಾಕ್ ಬಂದಿಲ್ಲ ನಾನು."

"ಅಂಗಾದ್ರೆ ನಿಂತ್ಕಂಡೇ ಸಾಯಿ."

ಚಿಕ್ಕಪ್ಪ ಬಾಗಿಲಿಗೆ ಬಂದು, ತಾನು ಅಂದದ್ದು ಅಣ್ಣ ಕೇಳಬೇಕು ಅಂತ, ಹೆಂಗಸರನ್ನು ಕಳಿಸು ಅಂತ ಅಂದಿರಲಿಲ್ಲ ಎಂದು ಶುರುಮಾಡಿದ. ಚಿಕ್ಕವ್ವ ಅವನ ಕಡೆ ತಿರುಗಲೂ ಇಲ್ಲ.

"ಹಸಿ ಬಾಣಂತಿ ಎದ್ದು ಬಂದವ್ಳೆ, ಇನ್ಯಾವನ್ ಬಂದು ಕೇಳ್ಬೇಕು ನಿಂಗೆ? ಒಲೆ ಬೂದಿ ತತ್ತಾ, ಮೀನ್ ಉಜ್ಬೇಕು."

ಅವ್ವ ಕಂಬಕ್ಕೆ ಒರಗಿ ನಿಂತೇ ಇದ್ದಳು. ಚಿಕ್ಕವ್ವ ಮೀನಿನ ತಲೆಗೆ ಗುಂಡುಕಲ್ಲಿನಿಂದ ಒಂದೇ ಏಟು ಹಾಕಿ, ಬೂದಿ ಉಪ್ಪು ಹಚ್ಚಿ ಲೋಳೆ ಹೋಗುವಂತೆ ಉಜ್ಜಿ, ಮೆಣಸು ಬೆಳ್ಳುಳ್ಳಿ ಕುಟ್ಟಿ ಹಾಕಿ, ಹುಣಿಸೆಹುಳಿ ಮುಟ್ಟದೆ ಬಾಣಂತಿಗೆ ಹೇಗೆ ಬೇಕೋ ಹಾಗೆ ಸಾರು ಮಾಡಿದಳು. ಸಾರು ಕುದಿಯುವ ಹೊತ್ತಿಗೆ ಅವ್ವ ಕಂಬದ ಬುಡಕ್ಕೆ ತಾನಾಗಿಯೇ ಕುಸಿದು ಕೂತಳು. ಚಿಕ್ಕವ್ವ ಒಂದು ಮಣೆಯನ್ನು ಕಾಲಿನಿಂದ ಅವಳತ್ತ ನೂಕಿದಳು. ಲೋಟ ಕೈಗೆ ಬಂತು. ಅವ್ವ ಒಂದು ಗುಟುಕು ಕುಡಿದಳು.

"ಉಪ್ಪು ಕಮ್ಮಿ ಅದೆ."

"ಬಾಣಂತಿಗೆ ಅಷ್ಟೇ ಆಕಾದು. ಬೇಕಾದ್ರೆ ಕುಡಿ."

ಅವ್ವ ಕುಡಿದಳು, ಇನ್ನೊಂದು ಲೋಟ ಕೇಳಿ ಕುಡಿದಳು. ಇದರಿಂದ ಓರಗಿತ್ತಿಯರಿಬ್ಬರೂ ಒಂದಾದರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆಗಲಿಲ್ಲ. ಅವ್ವ ಮಾರನೆಯ ದಿನವೂ ಹೋದಳು, ಆಮೇಲೂ ಹೋದಳು. ಆ ಮೀನು ಮುಗಿದ ಮೇಲೆ ಚಿಕ್ಕಪ್ಪ ಇನ್ನೊಂದು ತಂದ. ಹೋದಾಗಲೆಲ್ಲ ಅಲ್ಲಿ ಒಂದು ಚುಚ್ಚುಮಾತು ಹೇಳಿಸಿಕೊಂಡು, ಒಂದು ಹೇಳಿ ಬರುತ್ತಿದ್ದಳು. ಹಾಲು ಇಳಿದದ್ದು ಆ ಸಾರಿನಿಂದಲೋ, ಎದ್ದು ಓಡಾಡಿ ಹಸಿವಾಗಿ ಹೊಟ್ಟೆ ತುಂಬ ಉಂಡದ್ದರಿಂದಲೋ ನನಗೆ ಗೊತ್ತಿಲ್ಲ. ಹಾಲು ಇಳಿಯಿತು. ತಮ್ಮನ ಅಳುವಿಗೆ ಮೊದಲು ಗಂಟಲು ಬಂತು, ಆಮೇಲೆ ಕೆನ್ನೆಗಳು ಬಂದವು.

ಅಪ್ಪ ಮಾತ್ರ ಅವ್ವನ ಜೊತೆ ಮಾತು ಬಿಟ್ಟ. ತನ್ನ ಎದುರಿಗೇ ಅನ್ನ ಬಡಿಸುತ್ತಿದ್ದವಳಿಗೂ, "ನಾಗಿ, ನಿಮ್ಮವ್ವಂಗೆ ಯೋಳು, ಸಾರ್ ಸಾಕು ಅಂತ" ಎನ್ನತೊಡಗಿದ. ಜಗಳ ಗೋಡೆಯ ಈಚೆಗೂ ಬಂದು ಕೂತಿತು. ನಾನು ಒಂದಷ್ಟು ದಿನ ಹಳೆಯ ರೂಢಿಯಂತೆ ಕತ್ತು ತಿರುಗಿಸಿದೆ. ರಾತ್ರಿ ಹಾಸಿಗೆಯಲ್ಲಿ ಹಲ್ಲು ಕಡಿದೆ. ಏರಿಯ ಮೇಲೆ ಬಂದಿದ್ದ ಆ ಸಿಟ್ಟು ಹೋಗಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಆ ಮನೆಯಿಂದ ಮಗುವನ್ನು ಎತ್ತಿಕೊಂಡು ವಾಪಸು ಬಂದಳು. ಅಪ್ಪ ಜಗಲಿಯ ಮೇಲೆ ಗಾಳದ ದಾರದ ಸಿಕ್ಕು ಬಿಡಿಸುತ್ತ ಕೂತಿದ್ದ. ತಲೆ ಎತ್ತದೆ, ಬೀದಿಗೆಲ್ಲ ಕೇಳುವಂತೆ ಹೇಳಿದ.

"ನಾಗಿ, ನಿಮ್ಮವ್ವಂಗೆ ಯೋಳು. ಆ ಮನೆ ರುಚಿ ಅತ್ತಿದ್ರೆ ಅಲ್ಲೇ ಇದ್ಬುಡು ಅಂತ."

"ನೀನೇ ಯೋಳು," ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅಪ್ಪ ತಲೆ ಎತ್ತಿದ. ನೀನು ಯಾರ ಕಡೆ ಎಂದು ಕೇಳುತ್ತಾನೆ ಎಂದುಕೊಂಡೆ; ಕೇಳಿದರೆ ಯಾರ ಕಡೆಯೂ ಅಲ್ಲ ಎನ್ನಲು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವ್ವ ಬಗ್ಗಿ, ದಾರವನ್ನು ಪಕ್ಕಕ್ಕೆ ಸರಿಸಿ, ಮಗುವನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿದಳು.

"ಆಲ್ ಕುಡ್ದು ಈಗ ಕಣ್ ಮುಚ್ಚವ್ನೆ. ಅದೇನ್ ಯೋಳ್ಬೇಕೋ ಯೋಳು, ಎಬ್ಬಿಸ್ದಂಗೆ."

ಅಷ್ಟು ಹೇಳಿ ಒಳಗೆ ಹೋಗಿ ಮಲಗಿಬಿಟ್ಟಳು. ಅಪ್ಪ ಬಾಯಿ ತೆರೆದ. ತೊಡೆಯ ಮೇಲೆ ನೋಡಿದ. ಮುಚ್ಚಿದ. ಅಪ್ಪನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.